ಪದದ ಅರ್ಥವೂ ಪದದ ಬಣ್ಣವೂ

ಇಂಗ್ಲಿಷನ್ನು ಕಲಿಯುವವರಿಗೆ ನಿಘಂಟು ಪದದ ಅರ್ಥವನ್ನು ಕೊಡುತ್ತದೆ. ಅದರ ಬಣ್ಣವನ್ನು ಕೊಡುವುದು ಅಪೂರ್ವ. ‘ಥ್ರಿಫ್ಟಿ’ ಎಂಬವನೂ ‘ಸ್ಟಿಂಜಿ’ ಎಂಬವನೂ ಕೈ ಬಿಗಿಹಿಡಿದು ವೆಚ್ಚಮಾಡತಕ್ಕವರೇ. ಆದರೆ ಮೊದಲನೆಯ ಮಾತು ಮಿತವ್ಯಯಿಗೆ ಸಲ್ಲುವ ಪ್ರಶಂಸೆ, ಎರಡನೆಯದು ಜಿಪುಣನಿಗೆ ಸಲ್ಲುವ ನಿಂದೆ. ವಾಚ್ಯಾರ್ಥದ ಆಚೆಗೆ ಧ್ವನಿಯೊಂದುಂಟೆಂದು ಒಂಬತ್ತನೆಯ ಶತಮಾನದಲ್ಲಿಯೇ ಆನಂದವರ್ಧನನು ಕಾವ್ಯದ ವಿಷಯವಾಗಿ ಪ್ರತಿಪಾದಿಸಿದನು. ಆ ತತ್ತ್ವವು ಕಂದಾಯದ ಕಾಗದಗಳಿಗೂ ಅನ್ವಯಿಸುವುದೆಂಬುದಕ್ಕೆ ಚಳ್ಳಕೆರೆ ಸೀಮೆಯ ವರವು ಕಾವಲು ನಿದರ್ಶನವಾಗಿದೆ.

‘ಕಾವಲ್’ ಎಂಬುದು ಕಾಯುವುದರಿಂದ ಹುಟ್ಟಿದ ಪದ. ಬೆಲೆಯಿಲ್ಲದುದನ್ನು ಯಾರೂ ಕಾಯುವುದಿಲ್ಲ. ಮೈಸೂರು ಅರಸರ ಬೆಣ್ಣೆಚಾವಡಿಯ ದನಗಳಿಗೆಂದು ಇಂತಹ ಹುಲ್ಲುಗಾವಲುಗಳನ್ನು ಕಾದಿರಿಸಿದ್ದರು. ಆ ಚಾವಡಿಗೆ ಅಮೃತಮಹಲೆಂಬ ಹೆಸರನ್ನಿತ್ತವನು ಟಿಪ್ಪು ಸುಲ್ತಾನ. ಬೆಣ್ಣೆ, ಅಮೃತ, ಕಾವಲು—ಮೂರೂ ಆದರದ ಮಾತುಗಳೇ. ಅಲ್ಲಿಯ ಹುಲ್ಲಿನಿಂದ ಸುತ್ತಲ ಹಳ್ಳಿಗಳ ಕುರಿಗಳು ಬದುಕಿದವು; ಕುರಿಯ ಉಣ್ಣೆಯಿಂದ ಚಳ್ಳಕೆರೆಯ ಕಂಬಳಿಗೆ ಹೆಸರು ಬಂದಿತು.

ಇಂತಹ ಭೂಮಿಗೆ ಇಂಗ್ಲಿಷ್ ಆಡಳಿತದ ಭಾಷೆಯಲ್ಲಿ ಸುಲಭವಾಗಿ ಅಂಟುವ ಪದವೆಂದರೆ ‘ವೇಸ್ಟ್’. ಕಂದಾಯದ ಪರಿಭಾಷೆಯಲ್ಲಿ ಅದರರ್ಥ ಸಾಗುವಳಿಯಾಗದ ನೆಲವೆಂದಷ್ಟೆ. ಆದರೆ ಅದರ ಮೂಲವಾದ ಲ್ಯಾಟಿನ್ ‘ವಾಸ್ಟಸ್’ ಬರಿದನ್ನೂ ಹಾಳನ್ನೂ ಹೇಳುತ್ತದೆ. ದುಂದುವೆಚ್ಚಕ್ಕೂ ಕಸಕ್ಕೂ ಇಂಗ್ಲಿಷಿನಲ್ಲಿ ಇದೇ ಪದ. ಕಲಿಯುವವನು ಇದನ್ನು ‘ಪಾಳು’ ಎಂದು ಅನುವಾದಿಸಿಕೊಂಡೊಡನೆ ಪರಿಭಾಷೆಯು ನಿಂದೆಯಾಗಿ ಪರಿಣಮಿಸುತ್ತದೆ. 1985ರಲ್ಲಿ ರಾಷ್ಟ್ರೀಯ ಪಾಳುಭೂಮಿ ಅಭಿವೃದ್ಧಿ ಮಂಡಲಿಯು ಸ್ಥಾಪಿತವಾಯಿತು. 2000ದಲ್ಲಿ ಪ್ರಕಟವಾದ ದೇಶದ ಪಾಳುಭೂಮಿಗಳ ಭೂಪಟಸಂಪುಟದಲ್ಲಿ ಕುರುಚಲು ನೆಲವೂ ಕ್ಷೀಣಿಸಿದ ಗೋಮಾಳವೂ ಅದೇ ಹೆಸರಿನಡಿ ಸೇರಿದವು.

ಮುಂದೆ ವರವು ಕಾವಲಿನ 4,000ಕ್ಕೂ ಮಿಗಿಲಾದ ಎಕರೆಗಳು ರಕ್ಷಣಾ ಸಂಶೋಧನೆಗೆ ಸಂದವು; 2017ರಲ್ಲಿ ಅಲ್ಲಿ ವಿಮಾನ ಪರೀಕ್ಷಾ ಕ್ಷೇತ್ರವು ಉದ್ಘಾಟನೆಗೊಂಡಿತು. ಮೇವಿನ ಹಕ್ಕನ್ನು ಕುರಿತ ವಿವಾದವು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದವರೆಗೂ ಹೋಯಿತು. ಇದೆಲ್ಲವೂ ಒಂದು ಪದದ ಕೃತ್ಯವೆಂದರೆ ಅತಿಶಯೋಕ್ತಿಯಾದೀತು. ದೇಶಕ್ಕೆ ಸಂಶೋಧನೆಯೂ ಬೇಕು. ಆದರೆ ‘ಹುಲ್ಲುಗಾವಲನ್ನು ಕೊಡಬಹುದೇ?’ ಎಂಬ ಪ್ರಶ್ನೆಯು ವಿಚಾರವನ್ನು ಬೇಡುತ್ತದೆ, ‘ಪಾಳನ್ನು ಕೊಡಬಹುದೇ?’ ಎಂಬುದು ತನ್ನ ಉತ್ತರವನ್ನು ತಾನೇ ಹೇಳಿಬಿಡುತ್ತದೆ.

ಆದುದರಿಂದ ಇಂಗ್ಲಿಷ್ ಪಾಠದಲ್ಲಿ ಪದಕ್ಕೆ ಪದವನ್ನಿಟ್ಟು ಕಂಠಪಾಠ ಮಾಡಿಸುವುದು ಸಾಲದು. ಈ ಪದವನ್ನು ಯಾರು, ಯಾವುದನ್ನು ಕುರಿತು, ಹೊಗಳಿ ನುಡಿಯುತ್ತಾರೆಯೋ ಹಳಿದು ನುಡಿಯುತ್ತಾರೆಯೋ ಎಂಬುದನ್ನೂ ಮಕ್ಕಳಿಗೆ ತಿಳಿಸತಕ್ಕದ್ದು. ಅರ್ಥವನ್ನು ಮಾತ್ರ ಬಲ್ಲವನು ಅರ್ಜಿಗೆ ರುಜು ಹಾಕಬಲ್ಲನು; ಬಣ್ಣವನ್ನೂ ಬಲ್ಲವನು ರುಜುವಿಗೆ ಮೊದಲು ಅದನ್ನು ಇನ್ನೊಮ್ಮೆ ಓದುವನು.