ಐದು ಮನೆಯ ಪದಗಳು

ವಿಮರ್ಶೆ ಎಂದರೆ ಕಥೆ, ಕಾದಂಬರಿ, ಕವನಗಳಿಗೆ ಮಾತ್ರ ಮೀಸಲು ಎಂದು ನಾವು ತಿಳಿದುಬಿಟ್ಟಿದ್ದೇವೆ. ಆದರೆ ಮಕ್ಕಳ ಬ್ಯಾಗಿನಲ್ಲಿ ಇನ್ನೊಂದು ಬಗೆಯ ಪುಸ್ತಕವಿರುತ್ತದೆ, ಇಂಗ್ಲಿಷ್ ಪದಪಟ್ಟಿ. ‘ಎ’ಯಿಂದ ಶುರುವಾಗುವ ಐದಕ್ಷರದ ಪದಗಳು, ‘ಇ’ಯಲ್ಲಿ ಮುಗಿಯುವ ನಾಲ್ಕಕ್ಷರದ ಪದಗಳು, ನಡುವೆ ಎರಡು ‘ಓ’ ಇರುವ ಪದಗಳು, ಹೀಗೆ ಪುಟಗಟ್ಟಲೆ. ಈಗ ಅದೇ ಪಟ್ಟಿ ಅಮ್ಮಂದಿರ ಮೊಬೈಲಿಗೂ ಬಂದಿದೆ. ಕೋಲಾರ ಜಿಲ್ಲೆಯ ಮಕ್ಕಳಿಗೆ ವರ್ಷಗಟ್ಟಲೆ ಪಾಠ ಹೇಳಿದವಳಾಗಿ ನಾನು ಕಾದಂಬರಿಗಿಂತ ಹೆಚ್ಚು ಸಲ ಓದಿರುವುದು ಇದನ್ನೇ. ಆದ್ದರಿಂದ ಇದರ ಗುಣದೋಷ ನೋಡೋಣ.

ಮೊದಲು ಗುಣ. ಒಂದೇ ಅಕ್ಷರಗಳಿರುವ ಪದಗಳನ್ನು ಒಟ್ಟಿಗೆ ಕೂರಿಸುವುದು ಹುಚ್ಚಾಟವಲ್ಲ. ಕೊನೆಯಲ್ಲಿ ಜಿ, ಎಚ್, ಟಿ ಇರುವ ಐದಕ್ಷರದ ಪದಗಳನ್ನೇ ತೆಗೆದುಕೊಳ್ಳಿ: ನೈಟ್, ಲೈಟ್, ರೈಟ್, ಫೈಟ್, ಎಯ್ಟ್. ‘ಉಚ್ಚಾರವಿಲ್ಲದ ಜಿ, ಎಚ್ ಯಾಕೆ ಬರೀಬೇಕು ಮಿಸ್?’ ಎಂದು ಮಕ್ಕಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ನೂರಾರು ವರ್ಷಗಳ ಹಿಂದೆ ಇಂಗ್ಲಿಷರು ಅಲ್ಲಿ ಗಂಟಲಿನಿಂದ ಒಂದು ಸದ್ದು ಹೊರಡಿಸುತ್ತಿದ್ದರು. ಸದ್ದು ಹೋಯಿತು, ಬರಹ ಉಳಿಯಿತು. ನಮ್ಮ ಮನೆಗಳಲ್ಲಿ ಹಿರಿಯ ಹೆಂಗಸರು ‘ಇವತ್ತು ನಕ್ತ’ ಎಂದು ಹಗಲೆಲ್ಲ ಉಪವಾಸವಿದ್ದು ರಾತ್ರಿ ಮಾತ್ರ ಊಟ ಮಾಡುತ್ತಾರಲ್ಲ, ಆ ‘ನಕ್ತ’ವೂ ‘ನೈಟ್’ ಎಂಬುದೂ ಒಂದೇ ಮೂಲದ ಪದಗಳು. ನಕ್ತದ ಕಕಾರ ಇರುವ ಜಾಗದಲ್ಲೇ ಆ ಜಿ, ಎಚ್ ಕುಳಿತಿವೆ. ಇದನ್ನು ಒಮ್ಮೆ ಹೇಳಿದರೆ ಮಗು ಕಾಗುಣಿತ ಮರೆಯುವುದಿಲ್ಲ.

ಇನ್ನು ದೋಷ. ಪಟ್ಟಿಯಲ್ಲಿ ಈ ಮಾತೊಂದೂ ಇರುವುದಿಲ್ಲ. ಅಕ್ಷರವಿದೆ, ಎಣಿಕೆಯಿದೆ, ಅರ್ಥವಿಲ್ಲ. ಅದೇ ಗುಂಪಿನ ‘ಸೈಟ್’ ಎಂಬ ಪದವನ್ನು ತಪ್ಪಿಲ್ಲದೆ ಬರೆದ ಹುಡುಗಿಗೆ ಅರ್ಥ ಕೇಳಿದೆ. ‘ಥರ್ಟಿ ಫಾರ್ಟಿ ಮಿಸ್’ ಎಂದಳು. ಬಡಾವಣೆಗಳ ಬೋರ್ಡು ನೋಡುತ್ತಾ ಬೆಳೆದ ಮಗು, ಇನ್ನೇನು ಹೇಳೀತು? ನಿವೇಶನದ ಸೈಟಿಗೆ ನಾಲ್ಕೇ ಅಕ್ಷರ, ಐದಕ್ಷರದ ಸೈಟಿಗೆ ದೃಷ್ಟಿ ಎಂದರ್ಥ. ಅವಳು ಬುದ್ಧಿವಂತೆ. ಪಟ್ಟಿಯೇ ಅವಳಿಗೆ ದೃಷ್ಟಿ ಕೊಡಲಿಲ್ಲ.

ನೀವು ಮಧ್ಯಾಹ್ನ ಕೆಲಸ ಮುಗಿಸಿ ಪತ್ರಿಕೆಯ ಪದಬಂಧ ಬಿಡಿಸುವವರಾದರೆ ವ್ಯತ್ಯಾಸ ಕೂಡಲೇ ತಿಳಿಯುತ್ತದೆ. 1913ರ ಡಿಸೆಂಬರ್ 21ರಂದು ಆರ್ಥರ್ ವಿನ್ ಎಂಬವರು ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯಲ್ಲಿ ಮೊದಲ ಪದಬಂಧ ಅಚ್ಚು ಹಾಕಿಸಿದಾಗಿನಿಂದ ಕ್ರಮ ಒಂದೇ. ಮೊದಲು ಸುಳಿವು, ಆಮೇಲೆ ಮನೆಗಳ ಲೆಕ್ಕ. ಅರ್ಥ ಮುಂದೆ, ಅಕ್ಷರ ಹಿಂದೆ.

ಹಾಗೆಂದು ಸುಳಿವಿಲ್ಲದ ಆಟವೆಲ್ಲ ಕೆಟ್ಟದ್ದಲ್ಲ. 2021ರಲ್ಲಿ ಜಾಶ್ ವಾರ್ಡಲ್ ಎಂಬವರು ಹೊರತಂದ ‘ವರ್ಡಲ್’ ಆಟದಲ್ಲಿ ಐದಕ್ಷರದ ಪದವನ್ನು ಆರು ಯತ್ನಗಳಲ್ಲಿ ಊಹಿಸಬೇಕು. 2022ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಅದನ್ನು ಕೊಂಡುಕೊಂಡಿತು. ಇಂಗ್ಲಿಷಿನಲ್ಲಿ ಐದಕ್ಷರದ ಪದಗಳು ಸುಮಾರು 12,000. ಅವನ್ನೆಲ್ಲ ಮುಂದಿಟ್ಟುಕೊಂಡು, ಜನರಿಗೆ ಪರಿಚಯವಿರುವ ಸುಮಾರು 2,500 ಪದಗಳನ್ನು ಆರಿಸಿದವರು ವಾರ್ಡಲ್ ಅವರ ಸಂಗಾತಿ ಪಲಕ್ ಶಾ. ಅಕ್ಕಿ ಆರಿಸುವ ನಮಗೆ ಇದರ ಬೆಲೆ ಗೊತ್ತು. ಆರಿಸುವ ಕೈ ಇದ್ದುದರಿಂದಲೇ ಆ ಆಟ ರುಚಿಸಿತು. ನಮ್ಮ ಮಕ್ಕಳ ಪಟ್ಟಿಗಳು ಕಲ್ಲು ತೆಗೆಯದ ಅಕ್ಕಿ.

ಇನ್ನೊಂದು ತೊಡಕು ಅಕ್ಷರ ಎಂಬ ಮಾತಿನಲ್ಲೇ ಇದೆ. ಪದಬಂಧದಲ್ಲಿ ಕನ್ನಡದ ‘ಸ್ತ್ರೀ’ಗೆ ಒಂದೇ ಮನೆ ಸಾಕು. ಅದನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಎಸ್, ಟಿ, ಆರ್, ಇ, ಇ ಎಂದು ಐದು ಮನೆ ಬೇಕು. ಕನ್ನಡದ ಮಗು ನುಡಿಯನ್ನು ಎಣಿಸುತ್ತದೆ, ಇಂಗ್ಲಿಷ್ ಚೌಕ ಲಿಪಿಯನ್ನು ಎಣಿಸುತ್ತದೆ. ಈ ಭೇದವನ್ನು ಬಿಡಿಸಿ ಹೇಳದೆ ‘ಐದಕ್ಷರದ ಪದ ಬರೆ’ ಎಂದರೆ ಮಗು ತಬ್ಬಿಬ್ಬಾಗದೆ ಇನ್ನೇನಾದೀತು?

ಅದರಲ್ಲೂ ನಮ್ಮದು ಗಡಿನಾಡು. ಮುಳಬಾಗಿಲು, ಶ್ರೀನಿವಾಸಪುರದ ಎಷ್ಟೋ ಮಕ್ಕಳು ಮನೆಯಲ್ಲಿ ತೆಲುಗು ಮಾತಾಡಿ ಶಾಲೆಯಲ್ಲಿ ಕನ್ನಡ ಕಲಿಯುತ್ತಾರೆ. ಮಾಲೂರಿನ ಕಡೆ ತಮಿಳೂ ಸೇರುತ್ತದೆ. 2007-08ರಿಂದ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಲ್ಲೇ ಇಂಗ್ಲಿಷ್ ಬಂದಿದೆ. ಇಂಥ ಮಗುವಿಗೆ ಬೇಕಾದುದು ಪಟ್ಟಿಯ ಉದ್ದವಲ್ಲ, ಹಿಡಿದುಕೊಳ್ಳಲು ಒಂದು ಕೊಂಬೆ. ಮಾವಿಗೆ ಹೆಸರಾದ ಶ್ರೀನಿವಾಸಪುರದಲ್ಲಿ ‘ಮ್ಯಾಂಗೋ’ ಐದಕ್ಷರ ಎಂದು ಉರುಹೊಡೆಸುತ್ತೇವೆ. ಅದು ತಮಿಳು, ಮಲಯಾಳದ ‘ಮಾಂಗಾ’, ಪೋರ್ಚುಗೀಸರ ಬಾಯಿಂದ ಇಂಗ್ಲಿಷಿಗೆ ಹೋದದ್ದು ಎಂದು ಹೇಳಿ ನೋಡಿ. ನಮ್ಮ ಕಡೆಯಿಂದಲೇ ಹೋದ ಪದ ಎಂದು ತಿಳಿದ ಮಗುವಿಗೆ ಇಂಗ್ಲಿಷಿನ ಭಯ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಈ ಭಯವೇ ಎಷ್ಟು ಹೆಣ್ಣುಮಕ್ಕಳನ್ನು ಎಸ್.ಎಸ್.ಎಲ್.ಸಿ.ಯಲ್ಲಿ ನಿಲ್ಲಿಸಿ, ಆಮೇಲೆ ಮದುವೆಗೆ ಕೂರಿಸಿದೆ ಎಂಬುದನ್ನು ನಾನು ಕಂಡಿದ್ದೇನೆ. ಆದ್ದರಿಂದಲೇ ಇದು ಬರೀ ಆಟದ ಮಾತಲ್ಲ.

ಅಕ್ಷರದ ಕಟ್ಟು ನಮಗೆ ಹೊಸದೇನಲ್ಲ. ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ.ಜಿ.ಯವರು 1943ರ ‘ಮಂಕುತಿಮ್ಮನ ಕಗ್ಗ’ದಲ್ಲಿ ನಾಲ್ಕು ನಾಲ್ಕು ಸಾಲಿನ ಪದ್ಯಗಳನ್ನು ಆದಿಪ್ರಾಸಕ್ಕೆ, ಅಂದರೆ ಸಾಲುಗಳ ಎರಡನೆಯ ಅಕ್ಷರ ಹೊಂದುವ ನಿಯಮಕ್ಕೆ, ಕಟ್ಟಿದ್ದಾರೆ. ಮಾತ್ರೆಯ ಲೆಕ್ಕವೂ ಇದೆ. ಆದರೂ ಓದುವಾಗ ನಮಗೆ ಲೆಕ್ಕ ನೆನಪಾಗದು, ಬಾಳು ನೆನಪಾಗುತ್ತದೆ. ಕಟ್ಟು ಇರುವುದು ಅರ್ಥವನ್ನು ನಿಲ್ಲಿಸುವುದಕ್ಕೆ.

ಪಟ್ಟಿಯನ್ನು ಒಲೆಗೆ ಹಾಕಿ ಎಂದು ನಾನು ಹೇಳುವುದಿಲ್ಲ. ದಿನಕ್ಕೆ ಐದೇ ಪದ ಆರಿಸಿ ಕೊಡಿ. ಪ್ರತಿ ಪದಕ್ಕೂ ಮೂರು ಪ್ರಶ್ನೆ ಕೇಳಿ: ಹಾಗೆಂದರೇನು? ನಮ್ಮ ಮನೆಮಾತಿನಲ್ಲಿ ಇದಕ್ಕೇನೆನ್ನುತ್ತೇವೆ? ಇವತ್ತು ಇದನ್ನು ಎಲ್ಲಿ ಬಳಸಬಹುದು? ಇದಕ್ಕೆ ತಾಯಿಗೆ ಇಂಗ್ಲಿಷ್ ಬರಲೇಬೇಕೆಂದಿಲ್ಲ. ಮಗು ಹೇಳುವ ಉತ್ತರವನ್ನು ಒಲೆಯ ಮುಂದೆ ನಿಂತೇ ಕೇಳಿಸಿಕೊಳ್ಳಬಹುದು.