ದಾಖಲೆಯಿಲ್ಲದ ದುಃಖ: ಇಷರ್‌ವುಡ್ಡರ ‘ಎ ಸಿಂಗಲ್ ಮ್ಯಾನ್’

ಕ್ರಿಸ್ಟಫರ್ ಇಷರ್‌ವುಡ್ಡರ (1904–1986) ‘ಎ ಸಿಂಗಲ್ ಮ್ಯಾನ್’ 1964ರಲ್ಲಿ ಪ್ರಕಟವಾದ ಕಿರುಕಾದಂಬರಿ. 1962ರ ಕ್ಯೂಬಾ ಬಿಕ್ಕಟ್ಟಿನ ನೆನಪು ಇನ್ನೂ ಹಸಿಯಾಗಿದ್ದಾಗ, ಲಾಸ್ ಏಂಜಲೀಸ್ ಪರಿಸರದಲ್ಲಿ, ಒಂದೇ ದಿನದೊಳಗೆ ಇದರ ಕಥೆ ಮುಗಿಯುತ್ತದೆ. ಕಥಾನಾಯಕ ಜಾರ್ಜ್ 58 ವರ್ಷದ ಇಂಗ್ಲಿಷ್ ಅಧ್ಯಾಪಕ. ಅವನೊಡನೆ ಬಾಳಿದ ಜಿಮ್ ಎಂಬವನು ಒಹಾಯೋದಲ್ಲಿ ವಾಹನಾಪಘಾತದಿಂದ ಸತ್ತಿದ್ದಾನೆ. ಪ್ರೀತಿಪಾತ್ರರನ್ನು ಕಳೆದುಕೊಂಡ ಎಲ್ಲರ ಕಥೆ ಇದೆಂದು ಮೆಚ್ಚುವವರುಂಟು. ಆ ಮೆಚ್ಚುಗೆ ನ್ಯಾಯವಾದುದೇ ಆದರೂ ಅಪೂರ್ಣವೆಂದು ನಾವು ಭಾವಿಸುತ್ತೇವೆ.

ಅಗಲಿಕೆಯ ನೋವು ಎಲ್ಲರಿಗೂ ಸಮಾನವಿರಬಹುದು. ಆ ನೋವಿಗೆ ಸಮಾಜ ಕೊಡುವ ಸ್ಥಾನ ಸಮಾನವಲ್ಲ. ವಿಧವೆಗೂ ವಿಧುರನಿಗೂ ಒಂದು ಹೆಸರುಂಟು, ಸಂತಾಪ ಸೂಚಿಸುವ ಜನರುಂಟು. ಜಾರ್ಜನಿಗೆ ಅಂತಹ ಹೆಸರಿಲ್ಲ. ಜಿಮ್ಮನ ಬಂಧುವೊಬ್ಬನು ದೂರವಾಣಿಯಲ್ಲಿ ಸುದ್ದಿ ತಿಳಿಸಿ ಅಂತ್ಯಕ್ರಿಯೆಗೆ ಕರೆದಾಗ ಅವನು ಒಲ್ಲೆನೆನ್ನುತ್ತಾನೆ. ಜಿಮ್ ವೃದ್ಧ ತಂದೆತಾಯಿಗಳ ಬಳಿಯಲ್ಲಿಯೇ ಉಳಿದನೆಂದು ನೆರೆಯವರಿಗೆ ಹೇಳುತ್ತಾನೆ. ಸಾಕಿದ ಪ್ರಾಣಿಗಳನ್ನು ಸ್ಯಾನ್ ಡಿಯಾಗೋದ ವ್ಯಾಪಾರಿಗೆ ಒಪ್ಪಿಸಿ, ಜಿಮ್ಮನಿಗೇ ಕಳುಹಿಸಿದೆನೆನ್ನುತ್ತಾನೆ. ಸತ್ತವನನ್ನು ಊರವರ ಪಾಲಿಗೆ ಬದುಕಿಸಿಡಬೇಕಾದ ಈ ದುಃಸ್ಥಿತಿಯೇ ಕಾದಂಬರಿಯ ತಿರುಳು. ಹಿಂದೆ ಇಬ್ಬರೂ ಮೈಗೆ ಮೈ ತಾಗಿಸಿ ಹಾಯುತ್ತಿದ್ದ ಅಡುಗೆಮನೆಯ ಇಕ್ಕಟ್ಟಾದ ಬಾಗಿಲಲ್ಲಿ ಜಾರ್ಜ್ ಬೆಳಗಿನ ಹೊತ್ತು ತಟಕ್ಕನೆ ನಿಲ್ಲುತ್ತಾನೆ. ಅವರ ಸಹಜೀವನಕ್ಕೆ ಉಳಿದ ಸಾಕ್ಷಿಗಳೆಂದರೆ ಆ ಬಾಗಿಲು ಮತ್ತು ಷಾರ್ಲಟ್ ಎಂಬ ಗೆಳತಿ.

ಇತಿಹಾಸದ ಅಭ್ಯಾಸಿಗಳು ಇಲ್ಲಿ ವಿಚಾರಮಾಡಬೇಕಾದ ಅಂಶವೊಂದುಂಟು. ಇಂತಹ ಸಂಬಂಧವು ಅಪರಾಧವೆಂಬ ಕಾನೂನನ್ನು ಕ್ಯಾಲಿಫೋರ್ನಿಯಾ ತೆಗೆದುಹಾಕಲು ನಿರ್ಧರಿಸಿದುದು 1975ರಲ್ಲಿ. ಅಪರಾಧಿಗಳನ್ನು ದಾಖಲಿಸುವ ಕಡತಗಳಲ್ಲಿ ಅವರ ಶೋಕಕ್ಕೆ ಅಂಕಣವಿರುವುದಿಲ್ಲ. ಜಿಮ್ ಸತ್ತ ಅದೇ ಒಹಾಯೋದಲ್ಲಿ, ಮರಣಶಯ್ಯೆಯಲ್ಲಿದ್ದ ಜಾನ್ ಆರ್ಥರನ ಮರಣಪತ್ರದಲ್ಲಿ ತನ್ನ ಹೆಸರು ಸಂಗಾತಿಯೆಂದು ನಮೂದಾಗಬೇಕೆಂದು ಜಿಮ್ ಓಬರ್ಗೆಫೆಲ್ 2013ರಲ್ಲಿ ದಾವೆ ಹೂಡಿದನು. ಅಮೆರಿಕದಲ್ಲೆಲ್ಲ ಸಮಲಿಂಗ ವಿವಾಹವನ್ನು ಮಾನ್ಯಮಾಡಿದ 2015ರ ತೀರ್ಪಿಗೆ ಅವನ ಹೆಸರೇ ನಿಂತಿತು. ವಿವಾಹದ ಹಕ್ಕಿನ ಮೊಕದ್ದಮೆಯೊಂದು ಮರಣಪತ್ರದಿಂದ ಮೊದಲಾದುದನ್ನು ಗಮನಿಸಿದರೆ, ಇಷರ್‌ವುಡ್ಡರು ಗಾಯವನ್ನು ಸರಿಯಾದ ಎಡೆಯಲ್ಲಿಯೇ ಮುಟ್ಟಿದ್ದರೆಂಬುದು ಸ್ಪಷ್ಟವಾಗುತ್ತದೆ.

ಕೃತಿ ದೋಷರಹಿತವಲ್ಲ. ಗಂಡನಿಂದ ದೂರಾದ ಷಾರ್ಲಟ್ಟಳ ಒಂಟಿತನವೂ ಕಡಿಮೆಯದಲ್ಲ. ಆದರೆ ಲೇಖಕರು ಅದನ್ನು ಹೆಚ್ಚಾಗಿ ನಗೆಗೆ ಒಪ್ಪಿಸುತ್ತಾರೆ. ಆಸ್ಪತ್ರೆಯಲ್ಲಿ ಸಾಯುತ್ತಿರುವ ಡೋರಿಸ್ ಜಾರ್ಜನ ದ್ವೇಷದ ಮಬ್ಬಿನಲ್ಲಿಯೇ ಉಳಿಯುತ್ತಾಳೆ. ಆದರೂ ತರಗತಿಯಲ್ಲಿ ಹಕ್ಸ್‌ಲಿಯವರ ಕಾದಂಬರಿಯನ್ನು ಬೋಧಿಸುವಾಗ ಜಾರ್ಜ್, ಹಿಂಸೆಗೊಳಗಾದ ಅಲ್ಪಸಂಖ್ಯಾತರು ಆ ಹಿಂಸೆಯಿಂದಲೇ ಸಜ್ಜನರಾಗುವುದಿಲ್ಲವೆಂದು ಒಪ್ಪುತ್ತಾನೆ. ನಾಯಕನಿಗೆ ಕರುಣೆಯ ಭಿಕ್ಷೆ ಬೇಡದ ಈ ನಿಷ್ಠುರತೆ ಕೃತಿಯ ದೊಡ್ಡ ಗುಣ.

ಇಷರ್‌ವುಡ್ಡರು ಸ್ವಾಮಿ ಪ್ರಭವಾನಂದರ ಶಿಷ್ಯರು; ಗುರುವಿನೊಡಗೂಡಿ 1944ರಲ್ಲಿ ಭಗವದ್ಗೀತೆಯ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿದವರು. ಕಾದಂಬರಿಯ ಕೊನೆಯಲ್ಲಿ, ಕಡಲತಡಿಯ ಬಂಡೆಗಳ ನಡುವಿನ ಒಂದೊಂದು ನೀರಹೊಂಡವನ್ನೂ ಇರುಳಿನ ಉಬ್ಬರ ಮುಚ್ಚುವ ಚಿತ್ರವಿದೆ. ಬೇರೆಬೇರೆ ಜೀವಗಳು ಒಂದೇ ಚೈತನ್ಯದಲ್ಲಿ ಸೇರುವ ವೇದಾಂತದ ಛಾಯೆ ಇಲ್ಲಿ ಕಾಣುತ್ತದೆ. ಆದರೆ ಆ ಸಮಾಧಾನ ಬರುವುದು ರಾತ್ರಿಯಲ್ಲಿ. ಹಗಲಿನ ಲೆಕ್ಕ ಹಾಗೆಯೇ ಉಳಿಯುತ್ತದೆ. ಕಡತಗಳು ಕೈಬಿಟ್ಟ ಆ ಲೆಕ್ಕವನ್ನು ಬರೆದಿಟ್ಟ ಕಾರಣಕ್ಕೆ, ಸಾಹಿತ್ಯದ ವಿದ್ಯಾರ್ಥಿಗಳಷ್ಟೇ ಇತಿಹಾಸದ ವಿದ್ಯಾರ್ಥಿಗಳೂ ಈ ಕೃತಿಯನ್ನು ಓದಬೇಕೆಂಬುದು ನಮ್ಮ ಮತ.