ಖ್ಮೇರ್ ದೇಗುಲ ನಗರಗಳು: ಶಾಸನದ ಎರಡು ನುಡಿಗಳು

ಪ್ರಾಚೀನ ಖ್ಮೇರ್ ದೇಗುಲ ನಗರಗಳನ್ನು ಕುರಿತ ಭಾರತೀಯ ಅಧ್ಯಯನಗಳಲ್ಲಿ 'ಬೃಹತ್ತರ ಭಾರತ'ದ ಪರಿಕಲ್ಪನೆ ಬಹುಕಾಲ ಪ್ರಬಲವಾಗಿತ್ತು. ಆರ್.ಸಿ. ಮಜುಂದಾರರು ಆಗ್ನೇಯ ಏಷ್ಯಾದ ಪ್ರಾಚೀನ ರಾಜ್ಯಗಳನ್ನು ಭಾರತದ ವಸಾಹತುಗಳೆಂದೇ ಕರೆದರು. ಶಿವ, ವಿಷ್ಣು, ಸಂಸ್ಕೃತ ಕಾವ್ಯ ಇಷ್ಟು ದೊರೆತರೆ ಉಳಿದುದನ್ನು ಊಹಿಸಿಬಿಡಬಹುದೆಂಬ ಆತುರ ಈ ನಿಲುವಿನಲ್ಲಿದೆ. ಶಾಸನಗಳನ್ನು ಪೂರ್ತಿಯಾಗಿ ಓದಿದರೆ ಇದು ಸಮರ್ಥನೀಯವೆನಿಸದು.

ಖ್ಮೇರ್ ಶಾಸನಗಳಲ್ಲಿ ಸಂಸ್ಕೃತ ಪದ್ಯಭಾಗ ಸಾಮಾನ್ಯವಾಗಿ ದೇವತೆಯನ್ನೂ ಅರಸನನ್ನೂ ಸ್ತುತಿಸುತ್ತದೆ. ಹಳೆಯ ಖ್ಮೇರ್ ಗದ್ಯಭಾಗ ಗದ್ದೆ, ಎಲ್ಲೆ, ದನಕರು, ದೇವಾಲಯದ ಊಳಿಗದವರ ಹೆಸರುಗಳನ್ನು ದಾಖಲಿಸುತ್ತದೆ. ತೇದಿಯುಳ್ಳ ಖ್ಮೇರ್ ಬರಹಗಳಲ್ಲಿ ಅತ್ಯಂತ ಹಳೆಯದಾದ, ದಕ್ಷಿಣ ಕಾಂಬೋಡಿಯದ ಅಂಗ್ಕೋರ್ ಬೊರೈ ಶಾಸನವೇ (ಕ್ರಿ.ಶ. 611) ಇಂಥದೊಂದು ದತ್ತಿಯ ಪಟ್ಟಿ. ಪ್ರಶಸ್ತಿಗೆ ಸಂಸ್ಕೃತ, ದತ್ತಿಯ ವಿವರಕ್ಕೆ ಕನ್ನಡ ಎಂಬ ಕ್ರಮವನ್ನು ಬಲ್ಲ ನಮ್ಮ ಶಾಸನತಜ್ಞರಿಗೆ ಇದು ಅಪರಿಚಿತವೇನಲ್ಲ. ಸಂಸ್ಕೃತವನ್ನು ಬಳಸಿದ ಮಾತ್ರಕ್ಕೆ ಬಾದಾಮಿಯ ಚಾಲುಕ್ಯರ ರಾಜ್ಯವನ್ನು ನಾವು ಯಾರದೋ ವಸಾಹತೆನ್ನುವುದಿಲ್ಲ. ಅಂಗ್ಕೋರಿಗೆ ಬೇರೆ ಅಳತೆಗೋಲೇಕೆ?

ಅಪವಾದಗಳೂ ಉಂಟು. ಏಳನೆಯ ಜಯವರ್ಮನ ತಾ ಪ್ರೋಮ್ ಶಾಸನ (1186) ಸಂಸ್ಕೃತದಲ್ಲಿದ್ದೂ ಲೆಕ್ಕಪತ್ರದಂತಿದೆ: ಆ ಒಂದು ದೇವಾಲಯದ ಸೇವೆಗೆ 3,140 ಊರುಗಳು, 79,365 ಜನ. ಸಂಖ್ಯೆಗಳಲ್ಲಿ ಪ್ರಶಸ್ತಿಯ ಉತ್ಪ್ರೇಕ್ಷೆ ಬೆರೆತಿರಬಹುದು. ದುಡಿದವರ ನೆನಪಂತೂ ಅಲ್ಲಿದೆ. ಇಂಥವರ ಮನೆಗಳು ಮರದವಾದ್ದರಿಂದ ಉಳಿಯಲಿಲ್ಲ, ಕಲ್ಲಿನ ಗುಡಿ ಉಳಿಯಿತು. 2012 ಮತ್ತು 2015ರ ವೈಮಾನಿಕ ಲೇಸರ್ ಸಮೀಕ್ಷೆಗಳು ಕಾಡಿನಡಿಯ ಬೀದಿ, ಕೊಳ, ಮನೆದಿಬ್ಬಗಳ ವಿನ್ಯಾಸವನ್ನು ತೋರಿಸಿದ ಮೇಲೆ ಅಂಗ್ಕೋರನ್ನು ಕೇವಲ ಗುಡಿಗಳ ಸಮೂಹವೆಂದು ವರ್ಣಿಸುವಂತಿಲ್ಲ.

ತಾ ಪ್ರೋಮ್ ಸಂರಕ್ಷಣೆಯಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ ಕೈಜೋಡಿಸಿದ ಮೇಲೂ, ಹಳೆಯ ಖ್ಮೇರ್ ಕಲಿತು ಆ ಗದ್ಯಭಾಗವನ್ನು ನೇರವಾಗಿ ಓದಬಲ್ಲ ವಿದ್ವಾಂಸರು ನಮ್ಮಲ್ಲಿ ವಿರಳ.